ಇಪ್ಪತ್ತಾರನೆಯ ಸೀಡಿ

ಮುರಗೋಡ
೩ ಮಾರ್ಚ್ ೨೦೦೩

ಉಳವಪ್ಪ ಅಣ್ಣನವರಿಗೆ ಗಂಗಾ ಮಾಡುವ ಶರಣಾರ್ಥಿ.

ನಿನ್ನೆ ನೀವು ಬೈಲಹೊಂಗಲದಿಂದ ರೆಕಾರ್ಡಿನ ಮಶೀನು ಹೊತ್ತು ತಂದು, ದೇವಕ್ಕನವರ ಪಡಸಾಲೆಯಲ್ಲಿ ನಮ್ಮ ಅಕ್ಕನ ಬಳಗದ ಸೋಬಾನೆ ಪದ ತುಂಬಿಕೊಂಡು ಹೋದಿರಿ. ಹೊಲಿಗೆ ಮಶೀನಿನ ಪಕ್ಕ ಕೂತು ಮುಂದೆ ಹಾಡಿದವಳು ನಾನು. ದೇವಕ್ಕ ತಮ್ಮ ಮೊಮ್ಮಗಳು ರಾಜೇಶ್ವರಿಯ ಲಗ್ನದಲ್ಲಿ ಉಡಿ ತುಂಬುವಾಗ ಮುತ್ತೈದೆಯರಿಗೆ ಒಂದೊಂದು ಸೀಡಿ ಕೊಡಬೇಕೆಂದು ಇಪ್ಪತ್ತೈದು ಹೇಳಿದ್ದಾರೆ. ಅದರಲ್ಲಿ ಬದಲಿಲ್ಲ. ನನ್ನದೊಂದು ಬೇರೆ ಬಿನ್ನಹವಿದೆ, ಅದಕ್ಕೇ ಈ ಪತ್ರ.

ಹತ್ತನೆಯ ಪದ ಲಗ್ನದಲ್ಲಿ ಒಂದೇ ತಾಟಿನಲ್ಲಿ ಕೂಡಿ ಉಣ್ಣುವ ಭೂಮದ ಊಟದ್ದು. ಅದು ಮುಗಿದ ಮೇಲೆ ದೇವಕ್ಕ ಹುಮ್ಮಸ್ಸಿಗೆ ಬಿದ್ದು, ಎಲ್ಲರೂ ಒಡಪು ಹಾಕಿ ಗಂಡನ ಹೆಸರು ಹೇಳಬೇಕೆಂದು ಹಟ ಹಿಡಿದರು. ನಿಮ್ಮ ಮಶೀನು ತಿರುಗುತ್ತಲೇ ಇತ್ತು. ನಾನೂ ಒಂದು ಒಡಪು ಹೇಳಿದೆ. ಅದನ್ನು ದಯಮಾಡಿ ತೆಗೆದುಹಾಕಿ. ಉಳಿದವರದು ಇರಲಿ, ನನ್ನದು ಮಾತ್ರ ಬೇಡ. ಹೊದಿಕೆಯ ಮೇಲೆ ನನ್ನ ಹೆಸರು, ಫೋಟೋ ಕೂಡ ಬೇಡ.

ಫೋನು ಮಾಡಬೇಡಿ. ಇಲ್ಲಿಯ ಕಿರಾಣಿ ಅಂಗಡಿಯ ಫೋನಿಗೆ ಹತ್ತು ಕಿವಿ. ಪತ್ರವನ್ನೇ ಬರೆಯಿರಿ.

ಇಂತಿ,
ಗಂಗಾ, ಹೊಲಿಗೆಯವಳು


ಬೈಲಹೊಂಗಲ
೮ ಮಾರ್ಚ್ ೨೦೦೩

ಗಂಗಾ ತಂಗಿಗೆ ಉಳವಪ್ಪನ ಶರಣು.

ನಿನ್ನ ಪತ್ರ ಓದಿ ನನಗೆ ಸಿಟ್ಟೂ ಬಂತು, ನಗೆಯೂ ಬಂತು. ಹತ್ತೊಂಬತ್ತು ವರ್ಷದಿಂದ ಈ ಸೌಂಡಿನ ಧಂದೆ ಮಾಡುತ್ತಿದ್ದೇನೆ. ಮೊದಲು ಲಗ್ನ, ಜಾತ್ರೆಗೆ ಲೌಡ್‌ಸ್ಪೀಕರಿನ ಕರ್ಣೆ ಕಟ್ಟುತ್ತಿದ್ದೆ, ಆಮೇಲೆ ಕ್ಯಾಸೆಟ್ಟು, ಈಗ ಸೀಡಿ. ನನ್ನ ಧ್ವನಿ ದೊಡ್ಡದು ಮಾಡಿ, ನನ್ನ ಹೆಸರು ಮೊದಲು ಹಾಕಿ ಎಂದು ಬಡಿದಾಡುವವರನ್ನು ನೋಡಿದ್ದೇನೆಯೇ ಹೊರತು ನನ್ನದು ತೆಗೆಯಿರಿ ಎಂದವರನ್ನು ನೋಡಿಲ್ಲ. ಬೇರೆ ಹೆಣ್ಣುಮಕ್ಕಳು ಒಡಪು ಹೇಳಿದ್ದು ಸಾಲೆಯಲ್ಲಿ ಮಗ್ಗಿ ಒಪ್ಪಿಸಿದಂತಿದೆ. ನಿನ್ನದೊಂದೇ ಒಡಪು.

*ಮಲಪ್ರಭಾ ಹೊಳಿಯಾಗ ತೇಲಿ ಬಂತ ತೆಪ್ಪ,*
*ತೌರ್ಮನಿ ಮರಸಿ ತಂದವರು ಸುರೇಬಾನದ ಲಕ್ಕಪ್ಪ.*

ಹೆಸರು ಹೇಳುವ ಮುಂಚೆ ಒಂದು ಉಸಿರು ನಿಲ್ಲಿಸಿದ್ದೀಯಲ್ಲ, ಅದು ಯಾರಿಗೂ ಕಲಿಸಿದರೆ ಬರುವುದಿಲ್ಲ. ನಾಚಿಕೆ ಎಂದರೆ ಹಾಗಿರಬೇಕು. ಆದ್ದರಿಂದ ಅದನ್ನು ತೆಗೆಯಲಿಲ್ಲ, ಎಲ್ಲಕ್ಕಿಂತ ಮೊದಲಿಗೆ ಇಟ್ಟೆ. ನಿನ್ನ ಯಜಮಾನರು ಗೋವೆಯಲ್ಲಿ ಕೆಲಸಕ್ಕಿದ್ದಾರೆಂದು ದೇವಕ್ಕ ಹೇಳಿದರು. ಅವರು ಬಂದು ಕೇಳಿದಾಗ ನನ್ನನ್ನು ನೆನೆಸುತ್ತೀ.

ಬೆಂಗಳೂರಿನ ಕಂಪನಿಯವರು ಸಾವಿರಕ್ಕೆ ಕಡಿಮೆ ಎಂದರೆ ಮುಖ ಎತ್ತಿ ನೋಡುವುದಿಲ್ಲ. ನಾನು ಐದು ಅಂದರೂ ಮಾಡುತ್ತೇನೆ, ಒಂದೇ ಒಂದು ಅಂದರೂ ಮಾಡುತ್ತೇನೆ. ನನ್ನ ಕಂಪ್ಯೂಟರು ಮುದುಕಿ, ಒಂದು ಸೀಡಿ ಬರೆಯುವುದಕ್ಕೆ ಕಾಲು ಗಂಟೆ ಗೊಣಗುತ್ತಾಳೆ. ಆದರೂ ನಿಮ್ಮ ಇಪ್ಪತ್ತೈದೂ ತಯಾರಾಗಿವೆ. 'ಅಕ್ಕನ ಬಳಗ, ಮುರಗೋಡ' ಎಂದು ಹೊದಿಕೆ ಹಚ್ಚುವುದಷ್ಟೇ ಬಾಕಿ. ಇಪ್ಪತ್ತಾರನೆಯದು ನನ್ನದು. ಯಾರ ಕೆಲಸ ಮಾಡಿದರೂ ಒಂದು ಹೆಚ್ಚು ಮಾಡಿ ನಮೂನೆಗೆ ಇಟ್ಟುಕೊಳ್ಳುವುದು ನನ್ನ ರೂಢಿ. ನಾಲ್ಕು ದಿನದಿಂದ ಅಂಗಡಿಯ ಹೊರಗಿನ ಸ್ಪೀಕರಿಗೆ ಅದನ್ನೇ ಹಾಕಿದ್ದೇನೆ. ಎದುರಿಗೇ ಬಸ್ ಸ್ಟ್ಯಾಂಡು, ಬಸ್ಸಿನ ಜನ ನಿಂತು ಕೇಳುತ್ತಾರೆ.

ನಿನ್ನ ಅಣ್ಣ,
ಉಳವಪ್ಪ


ಮುರಗೋಡ
೧೧ ಮಾರ್ಚ್ ೨೦೦೩

ಅಣ್ಣನವರಿಗೆ,

ಈ ಪತ್ರ ಕೈಗೆ ಬಂದ ಕೂಡಲೇ ಮೊದಲು ಆ ಸ್ಪೀಕರು ಬಂದ್ ಮಾಡಿ. ಆಮೇಲೆ ಮುಂದಿನದು ಓದಿ.

ನನ್ನ ಹೆಸರು ಗಂಗಾ ಅಲ್ಲ, ಕೃಷ್ಣವ್ವ. ನನ್ನ ಗಂಡ ಗೋವೆಯಲ್ಲಿಲ್ಲ. ಸುರೇಬಾನದಲ್ಲಿಯೇ ಇದ್ದಾನೆ. ಹನ್ನೊಂದು ವರ್ಷದ ಹಿಂದೆ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಅವನಿಂದ ಓಡಿ ಬಂದವಳು ನಾನು. ನನ್ನ ಎಡಗೈ ನೆಟ್ಟಗಿಲ್ಲದ್ದನ್ನು ನೀವು ನೋಡಿರಬೇಕು. ಅದು ಅವನು ಮುರಿದದ್ದು. ಅದನ್ನು ತಡೆದುಕೊಂಡಿದ್ದೆ. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಗಳನ್ನು ಒಂದೇ ಕಾಲು ಹಿಡಿದು ಬಾವಿಯ ಮೇಲೆ ತೂಗಾಡಿಸಿದ. 'ನೀ ಎಲ್ಲೇ ಹೋಗು, ಹುಡುಕಿ ತರತೇನಿ. ತಂದ ದಿನ ಇದನ್ನ ಬಿಡತೇನಿ' ಅಂದ. ಆ ವಾರವೇ ಬಿಟ್ಟು ಬಂದೆ.

ನೀವು ನಾಚಿಕೆ ಅಂದಿರಲ್ಲ, ಅದು ನಾಚಿಕೆಯಲ್ಲ ಅಣ್ಣ. ಅವನ ಹೆಸರು ಬಾಯಿಗೆ ಬರುವಾಗ ನನ್ನ ಉಸಿರು ಈಗಲೂ ನಿಲ್ಲುತ್ತದೆ.

ಹಾಗಾದರೆ ಯಾಕೆ ಹೇಳಿದೆ ಎಂದು ಕೇಳುತ್ತೀರಿ. ನನ್ನನ್ನು ನಾನೇ ಎಂಟು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ನನ್ನ ಹೆಸರು ಬದಲಿಸಿದೆ, ಮಗಳ ಹೆಸರು ಬದಲಿಸಿ ನೀಲಾ ಎಂದು ಸಾಲೆಗೆ ಹಚ್ಚಿದೆ, ತವರಿಗೂ ತಿಳಿಸಲಿಲ್ಲ. ಲಗ್ನಗಳಲ್ಲಿ ಒಡಪಿನ ಹೊತ್ತಿಗೆ ನೀರು ತರುವ ನೆವ ಮಾಡಿ ಎದ್ದುಬಿಡುತ್ತಿದ್ದೆ. ಆವತ್ತು ದೇವಕ್ಕ ಸೆರಗು ಹಿಡಿದು ಕೂಡಿಸಿದರು. ಪದಕ್ಕೆ ಕಳೆ ಬರಲೆಂದು ಲಗ್ನದಂತೆಯೇ ಕೆನ್ನೆಗೆ ಅರಿಷಿಣ ಹಚ್ಚಿದ್ದರು, ಮುಂದೆ ಭೂಮದ ತಾಟು ಇತ್ತು, ಸುತ್ತ ಮುತ್ತೈದೆಯರು. ಬಸಪ್ಪನೆಂದೋ ಈರಪ್ಪನೆಂದೋ ಒಂದು ಹೆಸರು ಹೇಳಿದ್ದರೆ ಮುಗಿದಿತ್ತು. ಅರಿಷಿಣದ ಮುಂದೆ ಕೂತು ಕಂಡವರ ಹೆಸರು ಹೇಳಲು ನಾಲಿಗೆ ಹೊರಳಲಿಲ್ಲ. ಅವನ ಮೇಲಿನ ಭಕ್ತಿಯಲ್ಲ ಅದು. ಹಾಗೆ ಹೇಳಬಾರದೆಂದು ಹುಟ್ಟಿದಾಗಿನಿಂದ ಕೇಳಿ ಬೆಳೆದಿದ್ದೆ, ಅಷ್ಟೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮಾತು ಹೋಗಿಯೂ ಇಲ್ಲ, ನಿಮ್ಮ ಸೀಡಿಯಲ್ಲಿ ಕೂತಿದೆ. ನಿಮ್ಮ ಕಾಲು ಹಿಡಿಯುತ್ತೇನೆ. ಇಪ್ಪತ್ತಾರನ್ನೂ ಒಡೆದುಹಾಕಿ.

ಗಂಗಾ


ಬೈಲಹೊಂಗಲ
೧೪ ಮಾರ್ಚ್ ೨೦೦೩

ತಂಗಿ,

ಸ್ಪೀಕರು ಬಂದ್ ಮಾಡಿದೆ. ಇಪ್ಪತ್ತೈದನ್ನೂ ನನ್ನ ಕೈಯಾರೆ ಮುರಿದೆ. ಒಡಪು ತೆಗೆದು ಮತ್ತೆ ಇಪ್ಪತ್ತೈದು ಬರೆಯುತ್ತಿದ್ದೇನೆ.

ಆದರೆ ಇಪ್ಪತ್ತಾರನೆಯದು ನನ್ನ ಹತ್ತಿರ ಇಲ್ಲ. ಹೇಗೆ ಬರೆಯಲಿ. ನಿನ್ನ ಪತ್ರ ಬರುವ ಎರಡು ದಿನ ಮೊದಲು ರಾಮದುರ್ಗದ ಕಡೆಯ ಬೆಲ್ಲದ ವ್ಯಾಪಾರಿ ರಾಮಲಿಂಗಪ್ಪ ಬಸ್ಸಿಗೆ ಕಾಯುತ್ತ ಅಂಗಡಿಯ ಮುಂದೆ ನಿಂತಿದ್ದ. ಒಡಪು ಕೇಳಿ ಒಳಗೆ ಬಂದ. 'ಸುರೇಬಾನದ ಲಕ್ಕಪ್ಪ ಅಂದ್ರ ನಮ್ಮ ಗುರ್ತಿನಾಂವನ ಅದಾನ್ರಿ. ಯಾವೂರ ಹೆಣಮಗಳ್ರಿ ಇಕಿ?' ಅಂದ. ನನ್ನ ಹಾಡು ಒಬ್ಬನ ಕಾಲು ನಿಲ್ಲಿಸಿತಲ್ಲ ಎಂದು ಹಿಗ್ಗಿ ಹೀರೇಕಾಯಿ ಆಗಿದ್ದೆ. 'ಮುರಗೋಡದಾಕಿ' ಅಂದೆ. ಸೀಡಿ ಬೇಡಿದ, ಕೊಟ್ಟೆ. 'ಲಕ್ಕಪ್ಪಗ ಮುಟ್ಟಸ್ತೇನಿ, ಖುಷಿ ಆಕ್ಕಾನ' ಅಂತ ಚೀಲಕ್ಕೆ ಹಾಕಿಕೊಂಡು ಹೋದ.

ಹತ್ತೊಂಬತ್ತು ವರ್ಷದ ಧಂದೆ ಎಂದು ಮೆರೆದೆನಲ್ಲ. ಹೆದರಿಕೆಯ ಧ್ವನಿ ಯಾವುದು, ನಾಚಿಕೆಯ ಧ್ವನಿ ಯಾವುದು ಎಂದು ಈ ಕಿವಿಗೆ ಗೊತ್ತಾಗಲಿಲ್ಲ. ನಾಳೆ ಸುರೇಬಾನಕ್ಕೆ ಹೋಗುತ್ತೇನೆ. ಸೀಡಿ ಕೆಟ್ಟಿದೆ, ಬದಲಿಸಿ ಕೊಡುತ್ತೇನೆ ಎಂದು ಕೇಳಿ ಹೇಗಾದರೂ ತರುತ್ತೇನೆ. ಅಲ್ಲಿಯವರೆಗೆ ಮಗಳನ್ನು ಒಬ್ಬಳನ್ನೇ ಹೊರಗೆ ಬಿಡಬೇಡ.

ಉಳವಪ್ಪ


ಮುರಗೋಡ
೧೮ ಮಾರ್ಚ್ ೨೦೦೩

ಅಣ್ಣನವರಿಗೆ,

ನಿಮ್ಮಿಂದ ಇನ್ನೂ ಪತ್ರವಿಲ್ಲ. ಹೋದಿರೋ ಇಲ್ಲವೋ, ಅವನು ನಿಮ್ಮನ್ನು ಏನಾದರೂ ಮಾಡಿದನೋ ತಿಳಿಯದೆ ಜೀವ ಹಿಡಿಯಷ್ಟಾಗಿದೆ.

ಸುರೇಬಾನದಿಂದ ಬರುವವರು ಹಾಯಬೇಕಾದ ಯರಗಟ್ಟಿಯ ಕಡೆಯಿಂದ ದಿನಕ್ಕೆ ಎಷ್ಟು ಬಸ್ಸು ಬರುತ್ತವೆ ಎಂದು ಈಗ ನನಗೆ ಬಾಯಿಪಾಠ. ಬಸ್ಸು ನಿಂತ ಸಪ್ಪಳವಾದರೆ ಹೊಲಿಗೆ ಮಶೀನಿನ ಗಾಲಿ ಹಿಡಿದು ನಿಲ್ಲಿಸುತ್ತೇನೆ, ಇಳಿದವರ ಕೆರದ ಸಪ್ಪಳ ನಮ್ಮ ಓಣಿಯ ಕಡೆ ತಿರುಗುತ್ತದೋ ಎಂದು ಕೇಳುತ್ತೇನೆ. ರಾಜೇಶ್ವರಿಯ ಮದುವೆಯ ರವಿಕೆಗೆ ತೋಳು ತಿರುಗುಮುರುಗು ಹಚ್ಚಿದೆ. ನಿನ್ನೆ ಬಾಗಿಲಲ್ಲಿ ಒಬ್ಬ ಗಂಡಸು ಕೆಮ್ಮಿದ. ಕತ್ತರಿ ಹಿಡಿದುಕೊಂಡೇ ಎದ್ದೆ. ಲೈಟಿನ ಮೀಟರು ನೋಡುವವನು, ನನ್ನ ಕೈ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

ನೀಲಾಳನ್ನು ಮೂರು ದಿನದಿಂದ ಸಾಲೆಗೆ ಕಳಿಸಿಲ್ಲ. 'ಯವ್ವಾ, ನಂಗೇನೂ ಆಗಿಲ್ಲಲಾ, ಯಾಕ ಬಿಡಸ್ತಿ?' ಎಂದು ಅಳುತ್ತಾಳೆ. ಏನು ಹೇಳಲಿ. ಬಾವಿ ಅವಳಿಗೆ ನೆನಪಿಲ್ಲ. ನೆನಪಿಲ್ಲದಿರುವುದೇ ನಾನು ಗಳಿಸಿದ ಆಸ್ತಿ.

ಕೊನೆಗೆ ದೇವಕ್ಕನವರಿಗೆ ಎಲ್ಲ ಹೇಳಿದೆ. ಜೋಳ ಹಸನು ಮಾಡುತ್ತ ಕೂತಿದ್ದರು. ಮೊರ ಕೆಳಗಿಟ್ಟರು. 'ಹನ್ನೊಂದ ವರ್ಷ ನನ್ನ ತಾಟಿನ್ಯಾಗ ಉಂಡು ನನಗ ಸುಳ್ಳ ಹೇಳಿದಿ' ಅಂದರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಆಮೇಲೆ ಎದ್ದು ಹೋಗಿ ತಲೆಬಾಗಿಲಿಗೆ ಚಿಲಕ ಹಾಕಿದರು. ಆ ಮನೆಯ ಬಾಗಿಲಿಗೆ ಹಗಲಲ್ಲಿ ಚಿಲಕ ಹಾಕಿದ್ದು ನಾನು ನೋಡಿರಲಿಲ್ಲ.

ಒಂದು ಸಾಲಾದರೂ ಬರೆಯಿರಿ.

ಗಂಗಾ


ಬೈಲಹೊಂಗಲ
೨೨ ಮಾರ್ಚ್ ೨೦೦೩

ತಂಗಿ,

ಎರಡು ಸಲ ಹೋಗಬೇಕಾಯಿತು, ಅದಕ್ಕೇ ತಡ. ಮೊದಲ ಸಲ ಮನೆಗೆ ಕೀಲಿ ಇತ್ತು. ಈಗ ಕೂತು ಓದು.

ಲಕ್ಕಪ್ಪ ಊರಲ್ಲಿಲ್ಲ. ಕಬ್ಬಿನ ಟ್ರ್ಯಾಕ್ಟರು ಹೊಡೆಯಲು ಫ್ಯಾಕ್ಟರಿಯ ಕಡೆ ಹೋಗಿದ್ದಾನೆ, ಯುಗಾದಿಗೆ ಬರುತ್ತಾನೆ. ಅವನು ಇನ್ನೂ ಸೀಡಿ ಕೇಳಿಲ್ಲ. ರಾಮಲಿಂಗಪ್ಪ ಅದನ್ನು ಮನೆಯಲ್ಲಿ ಕೊಟ್ಟು ಹೋಗಿದ್ದಾನೆ. ಅವನನ್ನೂ ಕಂಡೆ. 'ಗಂಡ-ಹೇಂತಿ ಜಗಳ ನನಗ್ಯಾಕ ಬೇಕ್ರಿ, ಬಾಯಿ ಬಿಡೂದಿಲ್ಲ' ಅಂದ. ಅವನ ಬಾಯಿ ಎಷ್ಟು ದಿನ ಮುಚ್ಚಿರುತ್ತದೋ ಹೇಳಲಾರೆ.

ಸೀಡಿ ಇಸಿದುಕೊಂಡವಳು ಮನೆಯ ಸೊಸೆ. ಹೌದು, ನೀನು ಬಂದ ಮೂರು ವರ್ಷಕ್ಕೆ ಅವನು ಮತ್ತೊಂದು ಲಗ್ನ ಮಾಡಿಕೊಂಡಿದ್ದಾನೆ. ಹೆಸರು ಯಲ್ಲವ್ವ. ಸೊಂಟದ ಮೇಲೆ ಒಂದು ಹೆಣ್ಣುಕೂಸು. ಪಡಸಾಲೆಯಲ್ಲಿ ಅತ್ತೆ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದಳು. ಕೆಟ್ಟ ಸೀಡಿ ವಾಪಸು ಕೊಡಮ್ಮ, ಒಳ್ಳೆಯದು ತಂದುಕೊಡುತ್ತೇನೆ ಎಂದೆ. ಹುಡುಕುವ ನೆವದಿಂದ ನನ್ನನ್ನು ಹಿತ್ತಲ ಬಾಗಿಲಿನವರೆಗೆ ಕರೆದಳು. ಜೋಳದ ಚೀಲದೊಳಗೆ ಕೈ ಹಾಕಿ ತೆಗೆದಳು. ಕೊಡಲಿಲ್ಲ, ಎದೆಗೆ ಹಿಡಿದುಕೊಂಡೇ ನಿಂತಳು.

'ಮೊದಲನೇ ಹೇಂತಿ ಹೊಳಿಗೆ ಬಿದ್ದು ಸತ್ತಾಳಂತ ಹೇಳಿ ನನ್ನ ಮಾಡಿಕೊಂಡಾರ್ರಿ. ಸಿಟ್ಟ ಬಂದಾಗೊಮ್ಮೆ ನಿನ್ನೂ ಅಕಿ ಹಾದಿಗೆ ಕಳಸ್ತೇನಿ ಅಂತಾರ. ಇದನ್ನ ಅತ್ತಿ ಇಲ್ಲದಾಗ ನಾ ಒಬ್ಬಾಕೀನ ಕೇಳೇನ್ರಿ. ಇದರಾಗ ಒಡಪ ಹೇಳಿದಾಕಿ ಅಕೀನ ಏನ್ರಿ?'

ನಾನು ಚೀಲ ಬಿಚ್ಚುವ ನೆವದಿಂದ ತಲೆ ಬಗ್ಗಿಸಿದೆ, ತಂಗಿ. ಆದರೆ ನನ್ನ ಮುಖ ಹೇಳಿರಬೇಕು.

'ಹಂಗಾರ ಬದುಕೇದಾಳ' ಅಂದಳು. ಬಹಳ ಮೆಲ್ಲಗೆ ಅಂದಳು. ಆಮೇಲೆ ಸೀಡಿಯನ್ನು ಮೊಣಕಾಲಿಗೆ ಹಚ್ಚಿ ಎರಡು ತುಂಡು ಮಾಡಿ ನನ್ನ ಚೀಲಕ್ಕೆ ಹಾಕಿದಳು. ಅವಳ ಕಿವಿಯ ಹಿಂದೆ ಸುಟ್ಟ ಕಲೆ ಇದೆ. 'ಅಕಿಗೆ ಒಂದ ಮಾತ ಕೇಳ್ರಿ ಅಣ್ಣಾರ. ಯಾವ ಬಸ್ಸಿಗೆ ಹ್ವಾದ್ಲಂತ ಕೇಳ್ರಿ. ಕೂಸಿನ ಕಟಗೊಂಡು ಹೆಂಗ ಹ್ವಾದ್ಲಂತ ಕೇಳ್ರಿ.'

ಅಷ್ಟರಲ್ಲಿ ಅತ್ತೆ ಎದ್ದು ಬಂದಳು. ನಾನು ಹೊರಟೆ. ನಿನ್ನ ಕೆಲಸವಂತೂ ಆಯಿತು, ಇಪ್ಪತ್ತಾರನೆಯದು ಇನ್ನಿಲ್ಲ. ಅವಳ ಮಾತು ನಿನಗೆ ಮುಟ್ಟಿಸದೆ ಇರಲಾರದೆ ಬರೆದೆ. ಅವಳಿಗೆ ಓದು ಬರುವುದಿಲ್ಲ. ಆ ಮನೆಗೆ ಪತ್ರ ಬಂದರೆ ಅತ್ತೆ ಬೇರೆಯವರ ಕಡೆ ಓದಿಸಿ ಕೇಳುತ್ತಾಳೆ.

ಉಳವಪ್ಪ


ಮುರಗೋಡ
೨೫ ಮಾರ್ಚ್ ೨೦೦೩

ಅಣ್ಣನವರಿಗೆ,

ಸೀಡಿ ಮುರಿಯಿತು ಎಂದು ಓದಿದಾಗ ಜೀವ ತಂಪಾಯಿತು. ಮುಂದಿನದು ಓದಿ, ನನಗೆ ಯಾಕೆ ಇದನ್ನು ಬರೆದಿರಿ ಎಂದು ನಿಮ್ಮ ಮೇಲೆ ಸಿಟ್ಟು ಬಂತು. ಒಂದು ದಿನ ಪತ್ರವನ್ನು ಚಿಂದಿಯ ಗಂಟಿನೊಳಗೆ ಮುಚ್ಚಿಟ್ಟೆ. ಅವಳು ಯಾರೋ, ನಾನು ಯಾರೋ. ಅವಳಿಗೆ ದಾರಿ ಹೇಳಿದರೆ ಅದೇ ದಾರಿ ಹಿಡಿದು ಅವನೂ ಬರಬಹುದು. ನನಗೆ ಮಗಳಿದ್ದಾಳೆ.

ಆದರೆ ಊಟಕ್ಕೆ ಕೂತರೆ ಆ ಪ್ರಶ್ನೆಯೇ ಕಿವಿಗೆ ಬರುತ್ತದೆ. ನಾನೂ ಒಬ್ಬಳನ್ನು ಅದೇ ಪ್ರಶ್ನೆ ಕೇಳಿದ್ದೆ, ಯಾವ ಬಸ್ಸು ಎಂದು. ಬಳೆಗಾರ್ತಿ. ನನ್ನ ಮುರಿದ ಕೈಗೆ ಬಳೆ ಏರಿಸಲಾಗದೆ ಸುಮ್ಮನೆ ಕೂತಿದ್ದಳು. ಅವಳು ಹೇಳದೆ ಹೋಗಿದ್ದರೆ ನಾನು ಇಂದು ಈ ಪತ್ರ ಬರೆಯುತ್ತಿರಲಿಲ್ಲ.

ನೀವು ಒಂದೇ ಒಂದು ಅಂದರೂ ಮಾಡುತ್ತೇನೆ ಎಂದಿದ್ದಿರಿ. ಒಂದೇ ಒಂದು ಸೀಡಿ ಮಾಡಿ, ಊರ ಹೆಸರಿನ ಹೊದಿಕೆ ಬೇಡ. ಕೆಟ್ಟದ್ದಕ್ಕೆ ಬದಲಿ ತರುತ್ತೇನೆಂದು ಹೇಳಿಯೇ ಬಂದಿದ್ದೀರಿ, ಕೊಟ್ಟರೆ ಯಾರೂ ಸಂಶಯಪಡುವುದಿಲ್ಲ. ಹನ್ನೊಂದು ಪದ ಇದ್ದಂತೆಯೇ ಇರಲಿ. ಕಟ್ಟಕಡೆಗೆ ಹನ್ನೆರಡನೆಯದಾಗಿ ಇದನ್ನು ಹಾಕಿ. ದೇವಕ್ಕನವರ ಟೇಪಿನಲ್ಲಿ ಕ್ಯಾಸೆಟ್ಟಿಗೆ ತುಂಬಿದ್ದೇನೆ. ದೇವಕ್ಕ ಲಗ್ನದ ಜವಳಿಗೆಂದು ಬೈಲಹೊಂಗಲಕ್ಕೆ ಬರುತ್ತಾರೆ, ಅವರ ಕೈಯಲ್ಲಿಯೇ ಇದು ನಿಮಗೆ ಮುಟ್ಟುತ್ತದೆ.

*ಸಂತಿಯ ದಿನ ಅತ್ತಿ ಬುಟ್ಟಿ ಹೊತ್ತು ಹ್ವಾದಾಗ*
*ಬುತ್ತಿಯ ಕಟ್ಟಬ್ಯಾಡ ಕೂಸಿನ್ನ ಎತ್ತಿಕೋ ತಂಗೆವ್ವ*
*ಹತ್ತರ ಮೋಟಾರ ಬರತೈತಿ, ಸೋಬಾನ.*

*ದುರ್ಗದಾಗ ಇಳಿದರ ಯಾರ್ನೂ ಮಾತಾಡಸಬ್ಯಾಡ*
*ಯರಗಟ್ಟಿ ಗಾಡಿ ಹಿಡಿ ತಂಗೆವ್ವ, ಅಲ್ಲಿಂದ*
*ಮುರಗೋಡ ಬರಿ ಒಂದ ಹರದಾರಿ, ಸೋಬಾನ.*

*ಮಠದ ಮುಂದಿನ ಕಟ್ಟಿ, ಕಟ್ಟಿ ಮ್ಯಾಲ ಬೇವಿನ ನೆರಳು*
*ನೆರಳಾಗ ಅಕ್ಕ ನಿಂತಾಳ ತಂಗೆವ್ವ, ಹನ್ನೊಂದು*
*ವರುಷಾತು ಜೀವ ಇಟಗೊಂಡು, ಸೋಬಾನ.*

ರಾಮದುರ್ಗವನ್ನು ದುರ್ಗವೆಂದು, ದಾರಿಯನ್ನೂ ಪದದ ಅಳತೆಗೆ ಸಣ್ಣದು ಮಾಡಿದ್ದೇನೆ, ಯರಗಟ್ಟಿಯಲ್ಲಿ ಮತ್ತೊಂದು ಬಸ್ಸು ಹಿಡಿಯಬೇಕೆಂದು ನೀವೇ ಬಾಯಿಮಾತಿನಲ್ಲಿ ಹೇಳಿಬಿಡಿ. ಮುರಗೋಡದ ಹೆಸರು ಹಾಕಲೋ ಬೇಡವೋ ಎಂದು ಎರಡು ಸಲ ಹಾಡಿ ಎರಡು ಸಲ ಅಳಿಸಿದೆ. ಹಾಕದಿದ್ದರೆ ಅವಳು ಎಲ್ಲಿಗೆ ಬರಬೇಕು? ಗಂಡಸರು ಸೋಬಾನೆಯನ್ನು ಮೂರು ಪದಕ್ಕಿಂತ ಹೆಚ್ಚು ಕೇಳುವುದಿಲ್ಲ, ಮುದುಕಿಯರು ಆರನೆಯದಕ್ಕೆ ತೂಕಡಿಸುತ್ತಾರೆ. ಆ ನಂಬಿಗೆಯ ಮೇಲೆ ನನ್ನ ಮತ್ತು ನನ್ನ ಮಗಳ ಜೀವ ಇಟ್ಟು ಹಾಡಿದ್ದೇನೆ. ಹಾಡುವಾಗ ಧ್ವನಿ ನಡುಗಿದೆ. ಅದನ್ನು ಸರಿಮಾಡಲು ಹೋಗಬೇಡಿ.

ಗಂಗಾ


ಬೈಲಹೊಂಗಲ
೨೯ ಮಾರ್ಚ್ ೨೦೦೩

ತಂಗಿ,

ಮುಟ್ಟಿಸಿ ಬಂದೆ. ಅತ್ತೆ ಅಲ್ಲೇ ಹಾಕಿ ತೋರಿಸು ಎಂದಳು. ಹೋದ ದೀಪಾವಳಿಗೆ ತಂದ ವಿಸಿಡಿ ಪ್ಲೇಯರು ಇದೆ. ಅವಳು ಎದ್ದು ಹೋಗುತ್ತಾಳೆಂದು ಕಾಯುತ್ತ ನಾನು ಒಂದೊಂದು ಪದಕ್ಕೂ ಬೆವರಿದೆ. ನೀನು ಹೇಳಿದಂತೆ ಆರನೆಯದಕ್ಕೆ ತೂಕಡಿಸಲಿಲ್ಲ, ಪುಣ್ಯಾತ್ಗಿತ್ತಿ ಎಂಟನೆಯದರವರೆಗೂ ತಲೆದೂಗುತ್ತ ಕೂತಳು. ಆಮೇಲೆ 'ಚಲೋ ಅದಾವು, ಸಾಕ ಬಂದ್ ಮಾಡು' ಅಂದಳು. ಹೊರಡುವಾಗ ಯಲ್ಲವ್ವನಿಗೆ, ಕಡೆಯ ಪದ ಬಹಳ ಚಲೋ ಇದೆ, ಮನೆಯಲ್ಲಿ ಯಾರೂ ಇಲ್ಲದಾಗ ಪುರಸೊತ್ತಿನಿಂದ ಕೇಳವ್ವ ಎಂದೆ. ಯರಗಟ್ಟಿಯಲ್ಲಿ ಗಾಡಿ ಬದಲಿಸುವ ಮಾತನ್ನು ನನ್ನದೇ ಪ್ರಯಾಣದ ಸುದ್ದಿ ಎಂಬಂತೆ ಅತ್ತೆಯ ಎದುರಿಗೇ ಹೇಳಿದೆ. ಯಲ್ಲವ್ವ ನನ್ನ ಮುಖ ನೋಡಲಿಲ್ಲ. ಕೂಸಿನ ಕುಲಾವಿ ಕಟ್ಟುತ್ತ ಕೂತಿದ್ದಳು.

ಯುಗಾದಿಗೆ ಇನ್ನು ನಾಲ್ಕು ದಿನ. ಅದರೊಳಗೆ ಸಂತೆ ಒಂದೇ. ನಾನು ಮಾಡುವುದು ಇನ್ನೇನೂ ಉಳಿದಿಲ್ಲ.

ಉಳವಪ್ಪ


ಮುರಗೋಡ
೬ ಮೇ ೨೦೦೩

ಅಣ್ಣನವರಿಗೆ ಶರಣಾರ್ಥಿ.

ಇಷ್ಟು ದಿನ ಬರೆಯದ್ದಕ್ಕೆ ಸಿಟ್ಟಾಗಬೇಡಿ. ಬರೆದರೆ ಏನಾದರೂ ಕೆಟ್ಟೀತೆಂದು ಅಂಜಿಕೆ.

ರಾಜೇಶ್ವರಿಯ ಲಗ್ನ ಭಾನುವಾರ ಆಯಿತು. ಇಪ್ಪತ್ತೈದು ಸೀಡಿಯೂ ಉಡಿಯಲ್ಲಿ ಹೋದವು. ನನ್ನ ಒಡಪು ಇಲ್ಲದ್ದನ್ನು ಯಾರೂ ಕೇಳಲಿಲ್ಲ.

ಯುಗಾದಿಗೆ ಮುಂಚಿನ ಆ ಸಂತೆಯ ದಿನ ನಾನು ಕಟ್ಟೆಯ ಮೇಲೆ ಮಧ್ಯಾಹ್ನದಿಂದ ನಿಂತಿದ್ದೆ. ದೇವಕ್ಕ ಪಕ್ಕದಲ್ಲಿ ಕೂತಿದ್ದರು. ಮೂರು ಬಸ್ಸು ಹೋದವು. ನಾಲ್ಕನೆಯದರಿಂದ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡ ಒಬ್ಬಳು ಇಳಿದಳು. ಕೈಯಲ್ಲಿ ಗಂಟಿಲ್ಲ, ಬುತ್ತಿಯಿಲ್ಲ, ಕಾಲಲ್ಲಿ ಚಪ್ಪಲಿಯೂ ಇಲ್ಲ. ಬೇವಿನ ಗಿಡ ನೋಡಿದಳು, ನನ್ನ ಎಡಗೈ ನೋಡಿದಳು. 'ಅಕ್ಕಾ' ಅಂದಳು. ಅಷ್ಟೇ ಮಾತು. ಆ ಸೀಡಿಯನ್ನು ಮುರಿದು ಒಲೆಗೆ ಹಾಕಿಯೇ ಬಂದಿದ್ದಾಳೆ. ಈಗ ನನ್ನ ಕೋಣೆಯಲ್ಲಿಯೇ ಇದ್ದಾಳೆ, ಗುಂಡಿಗೆ ಕಾಜಾ ಮಾಡುವುದು ಕಲಿಯುತ್ತಿದ್ದಾಳೆ. ನೀಲಾ ಕೂಸನ್ನು ಕೆಳಗೆ ಬಿಡುವುದಿಲ್ಲ.

ಯುಗಾದಿ ಆಗಿ ತಿಂಗಳ ಮೇಲಾಯಿತು. ಅವನು ಬಂದಿಲ್ಲ. ಬರುವುದಿಲ್ಲ ಎಂದು ಹೇಳಲಾರೆ. ರಾಮಲಿಂಗಪ್ಪನ ಬಾಯಿ ಎಂದಾದರೂ ಒಂದು ದಿನ ಬಿಚ್ಚುತ್ತದೆ. ದೇವಕ್ಕ ಬಳಗದವರಿಗೆಲ್ಲ ತಾವೇ ಹೇಳಿಬಿಟ್ಟರು. ಈಗ ಯಾವ ಬಸ್ಸಿನ ಹೊತ್ತಿಗೂ ನಮ್ಮವರಲ್ಲಿ ಒಬ್ಬರು ಶಾವಿಗೆ ಹೊಸೆಯುತ್ತಲೋ ಹೂ ಕಟ್ಟುತ್ತಲೋ ಆ ಕಟ್ಟೆಯ ಮೇಲೆ ಇರುತ್ತಾರೆ. ನನಗೆ ಅಂಜಿಕೆ ಹೋಗಿಲ್ಲ, ಅಣ್ಣ. ಮೊದಲು ಒಬ್ಬಳೇ ಅಂಜುತ್ತಿದ್ದೆ, ಈಗ ಇಪ್ಪತ್ತೈದು ಮನೆ ಅಂಜುತ್ತವೆ. ಸ್ವಲ್ಪ ಹಗುರಾಗಿದೆ.

ಲಗ್ನದ ದಿನ ಭೂಮದ ತಾಟಿನ ಮುಂದೆ ಬೀಗರ ಕಡೆಯ ಹೆಣ್ಣುಮಕ್ಕಳು ಯಲ್ಲವ್ವನನ್ನು ಹಿಡಿದು ಕೂಡಿಸಿದರು. 'ಹೊಸಬರು ಹೆಸರ ಹೇಳ್ರಿ, ಗಂಡನ ಹೆಸರ ಹೇಳಿದ್ರನ ಬಿಡತೇವಿ' ಅಂದರು. ಅವಳ ಕೆನ್ನೆಯ ಮೇಲೆ ಅರಿಷಿಣ, ಅದರ ಕೆಳಗೆ ಮುಖ ಬಿಳಿಚಿಹೋಗಿತ್ತು. ತುಟಿ ತೆರೆದಳು. ಅವಳ ಉಸಿರು ನಿಂತದ್ದು ನನಗೆ ಕೇಳಿಸಿತು. ನಾನು ಹೋಗಿ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದೆ. 'ಅಕಿದು ನಾ ಹೇಳತೇನಿ' ಅಂದೆ.

*ಮಲಪ್ರಭಾ ಹೊಳಿಯಾಗ ತೆಪ್ಪ ಮುಳುಗಿದರ ಮುಳುಗಲೆವ್ವ,*
*ಈಜಿ ದಂಡಿಗೆ ಬಂದಾಳ ನಮ್ಮ ತಂಗಿ ಯಲ್ಲವ್ವ.*

ಬೀಗರ ಕಡೆಯವರು, ಇದೆಂಥ ಒಡಪು, ಗಂಡನ ಹೆಸರೇ ಬರಲಿಲ್ಲ ಎಂದರು. ದೇವಕ್ಕ, 'ನಮ್ಮೂರಾಗ ಹಿಂಗ ಹೇಳತೇವ್ರಿ' ಎಂದು ತಾಟಿಗೆ ತುಪ್ಪ ಬಡಿಸಿದರು. ಆವತ್ತು ನೀವು ಮಶೀನು ತಂದಿರಲಿಲ್ಲ, ಒಳ್ಳೆಯದೇ ಆಯಿತು.

ನಿಮ್ಮ ತಂಗಿ,
ಕೃಷ್ಣವ್ವ